ಸಿಪ್ಯಾಪ್ ಮನೆಗೆ ಬಂದ ಮೇಲಿನ ವರ್ಷಗಳು

ಮಾನ್ಯ ಸಂಪಾದಕರೇ,

ಗೊರಕೆ ಮತ್ತು ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ಕಟ್ಟುವ ಕಾಯಿಲೆ) ಬಗ್ಗೆ ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಬರುವ ಬರಹಗಳು ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಲ್ಲುತ್ತವೆ: ‘ಇದಕ್ಕೆ ಸಿಪ್ಯಾಪ್ ಯಂತ್ರವಿದೆ, ವೈದ್ಯರನ್ನು ಕಾಣಿ.’ ಯಂತ್ರ ಮನೆಗೆ ಬಂದ ಮೇಲಿನ ಮಾತು ಅಲ್ಲಿರುವುದಿಲ್ಲ. ಆದರೆ ಕೊಳ್ಳಲು ಬಂದವರು ಕೇಳುವುದೇ ಅದನ್ನು. ‘ಎಷ್ಟು ವರ್ಷ ಹಾಕ್ಕೋಬೇಕು? ಅಭ್ಯಾಸ ಆಗಿಬಿಟ್ರೆ ಆಮೇಲೆ ಅದಿಲ್ಲದೆ ಉಸಿರಾಡೋಕೇ ಆಗಲ್ವಂತೆ, ಹೌದಾ? ಶ್ವಾಸಕೋಶಕ್ಕೆ ಏನೂ ಆಗಲ್ವಾ?’ ಈ ಮೂರು ಪ್ರಶ್ನೆಗೆ ಉತ್ತರ ಸಿಗದೆ ಎಷ್ಟೋ ಯಂತ್ರಗಳು ಬೀರುವಿನ ಮೇಲೆ ಸೇರಿವೆ. ಅದಕ್ಕಾಗಿ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕ್ಷಮೆಯಿರಲಿ.

ಸಿಪ್ಯಾಪ್ ಆಕ್ಸಿಜನ್ ಕೊಡುವ ಯಂತ್ರವಲ್ಲ. ಕೋವಿಡ್ ಕಾಲದಲ್ಲಿ ಕಾನ್ಸಂಟ್ರೇಟರ್, ಬೈಪ್ಯಾಪ್, ಸಿಪ್ಯಾಪ್ ಹೆಸರುಗಳೆಲ್ಲ ಒಟ್ಟಿಗೇ ಕಿವಿಗೆ ಬಿದ್ದು ಈ ಗೊಂದಲ ಉಳಿದುಕೊಂಡಿದೆ. ಕೋಣೆಯ ಗಾಳಿಯನ್ನೇ ಎಳೆದು, ಸೋಸಿ, ಒಳಗಿನ ಪುಟ್ಟ ಫ್ಯಾನ್‌ನಿಂದ ಒತ್ತಿ ಪೈಪಿನ ಮೂಲಕ ಮೂಗಿಗೆ ಕಳಿಸುವುದಷ್ಟೇ ಅದರ ಕೆಲಸ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ, ನಾಲಿಗೆಯ ಬುಡ ಹಿಂದಕ್ಕೆ ಕುಸಿದು ಮುಚ್ಚಿಕೊಳ್ಳುವ ದಾರಿಯನ್ನು ಈ ಒತ್ತಡ ತೆರೆದಿಡುತ್ತದೆ. ಒತ್ತಡವನ್ನು ಅಳೆಯುವುದು ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ. ಯಂತ್ರದ ವ್ಯಾಪ್ತಿ 4ರಿಂದ 20. ಹತ್ತು ಎಂದರೆ ಎಷ್ಟು ಎಂದು ನೋಡಬೇಕಿದ್ದರೆ ಎತ್ತರದ ಲೋಟದಲ್ಲಿ ನೀರು ತುಂಬಿ, ಎಳನೀರಿನ ಸ್ಟ್ರಾ ಒಂದನ್ನು 10 ಸೆಂಟಿಮೀಟರ್ ಆಳಕ್ಕೆ ಇಳಿಸಿ ಊದಿ. ಗುಳ್ಳೆ ಏಳುವುದಕ್ಕೆ ಬೇಕಾದ ಬಲ ಅಷ್ಟೇ. ಸುತ್ತಲಿನ ಗಾಳಿಯ ಒತ್ತಡದ ನೂರರಲ್ಲಿ ಒಂದು ಪಾಲು. ಶ್ವಾಸಕೋಶ ಆರೋಗ್ಯವಾಗಿರುವವರಿಗೆ ಇದರಿಂದ ಹಾನಿಯಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. 1980ರಲ್ಲಿ ಸಿಡ್ನಿಯಲ್ಲಿ ವೈದ್ಯ ಕಾಲಿನ್ ಸಲಿವನ್ ಇದನ್ನು ಮೊದಲು ರೋಗಿಗೆ ಹಾಕಿ ನೋಡಿದರು. 1981ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಐವರು ರೋಗಿಗಳ ವಿವರ ಪ್ರಕಟವಾಯಿತು. ಅಂದಿನಿಂದ ನಾಲ್ಕು ದಶಕ ದಾಟಿದೆ.

ಇನ್ನು ‘ಅಭ್ಯಾಸ’ದ ಮಾತು. ಚಪ್ಪರಕ್ಕೆ ಕೊಟ್ಟ ಕಂಬವನ್ನು ತೆಗೆದರೆ ಚಪ್ಪರ ಮತ್ತೆ ಜಗ್ಗುತ್ತದೆ. ಕಂಬ ಕೊಟ್ಟದ್ದರಿಂದ ಚಪ್ಪರ ದುರ್ಬಲವಾಯಿತು ಎಂದು ಯಾರೂ ಹೇಳುವುದಿಲ್ಲ. ಯಂತ್ರ ಬಿಟ್ಟ ಒಂದೆರಡು ರಾತ್ರಿಯಲ್ಲೇ ಉಸಿರುಕಟ್ಟುವುದು ಮರಳುತ್ತದೆ, ಏಕೆಂದರೆ ಕಾಯಿಲೆ ಎಲ್ಲೂ ಹೋಗಿರಲಿಲ್ಲ. ಎರಡು ವಾರ ಬಿಟ್ಟರೆ ಬೆಳಗಿನ ರಕ್ತದೊತ್ತಡವೂ ಏರುವುದನ್ನು ಅಳೆದು ನೋಡಿದ್ದಾರೆ. ಆರು ತಿಂಗಳು ಹಾಕಿದ್ದೇನೆ, ಈಗ ಒಂದು ತಿಂಗಳು ಬಿಡುವು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಿಂದಿನ ರಾತ್ರಿಗಳ ಜಮೆ ಇಂದಿನ ರಾತ್ರಿಗೆ ಬರುವುದಿಲ್ಲ.

ವರ್ಷಗಟ್ಟಲೆ ಹಾಕಿದರೆ ಸಿಗುವುದೇನು? ಹಗಲಿನ ತೂಕಡಿಕೆ ಕಡಿಮೆಯಾಗುವುದು, ಬೆಳಗಿನ ತಲೆನೋವು ಹೋಗುವುದು, ರಾತ್ರಿ ಮೂತ್ರಕ್ಕೆ ಏಳುವುದು ತಗ್ಗುವುದು, ಗಾಡಿ ಓಡಿಸುವಾಗ ಕಣ್ಣು ಮುಚ್ಚಿಹೋಗುವ ಅಪಾಯ ಇಳಿಯುವುದು ಗಟ್ಟಿಯಾದ ಲಾಭಗಳು. ರಾತ್ರಿ ಬಸ್ಸು, ಲಾರಿ ಓಡಿಸುವವರಿಗೆ ಇಷ್ಟೇ ಸಾಕು. ರಕ್ತದೊತ್ತಡ ಸರಾಸರಿ 2ರಿಂದ 3 ಮಿಲಿಮೀಟರ್ ಇಳಿಯುತ್ತದೆ. ಹಲವು ಮಾತ್ರೆ ನುಂಗಿದರೂ ಹತೋಟಿಗೆ ಬಾರದವರಲ್ಲಿ ಇಳಿಕೆ ಇನ್ನಷ್ಟು ಸ್ಪಷ್ಟ. ಇದನ್ನು ನೆಚ್ಚಿಕೊಂಡು ಬಿಪಿ ಮಾತ್ರೆ ತಾವೇ ನಿಲ್ಲಿಸುವವರಿದ್ದಾರೆ. ತಪ್ಪು. ಎರಡು ಮೂರು ಮಿಲಿಮೀಟರ್ ಒಂದು ಮಾತ್ರೆಯ ಕೆಲಸವನ್ನೂ ಪೂರ್ತಿ ಮಾಡುವುದಿಲ್ಲ. ಸಕ್ಕರೆ ಕಾಯಿಲೆಯವರ ಮೂರು ತಿಂಗಳ ಸರಾಸರಿ ಸಕ್ಕರೆಯಲ್ಲಿ ದೊಡ್ಡ ಬದಲಾವಣೆ ನಿರೀಕ್ಷಿಸುವಂತಿಲ್ಲ. ತೂಕವಂತೂ ಇಳಿಯುವುದಿಲ್ಲ, ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಸರಾಸರಿ ಅರ್ಧ ಕಿಲೊ ಏರಿದ್ದೇ ಕಂಡಿದೆ. ‘ಯಂತ್ರ ಹಾಕಿದರೆ ಸಣ್ಣಗಾಗುತ್ತೀರಿ’ ಎಂದು ಹೇಳಿ ಮಾರುವವರ ಮಾತು ನಂಬಬೇಡಿ.

ಹೃದಯದ ಮಾತು ಬಂದಾಗ ಪ್ರಾಮಾಣಿಕವಾಗಿರಬೇಕು. 2005ರಲ್ಲಿ ಸ್ಪೇನ್‌ನ ವೈದ್ಯರು ಸುಮಾರು ಹತ್ತು ವರ್ಷ ಹಿಂಬಾಲಿಸಿದ ಗಂಡಸರ ವಿವರ ಪ್ರಕಟಿಸಿದರು. ತೀವ್ರ ಅಪ್ನಿಯಾ ಇದ್ದೂ ಚಿಕಿತ್ಸೆ ಪಡೆಯದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಿದ್ದವು. ಸಿಪ್ಯಾಪ್ ಹಾಕಿದವರು ಆರೋಗ್ಯವಂತರ ಹತ್ತಿರಕ್ಕೆ ಬಂದಿದ್ದರು. ಎಲ್ಲರೂ ಹಿಗ್ಗಿದರು. 2016ರಲ್ಲಿ ಸೇವ್ ಎಂಬ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಈಗಾಗಲೇ ಹೃದಯ ಅಥವಾ ಮಿದುಳಿನ ರಕ್ತನಾಳದ ಕಾಯಿಲೆ ಇದ್ದ 2,717 ಜನ, ಭಾರತವೂ ಸೇರಿ ಏಳು ದೇಶದವರು, ಸರಾಸರಿ 3.7 ವರ್ಷ. ಹೊಸ ಹೃದಯಾಘಾತ, ಪಾರ್ಶ್ವವಾಯು ತಡೆಯುವುದರಲ್ಲಿ ಯಂತ್ರ ಹಾಕಿದವರಿಗೂ ಹಾಕದವರಿಗೂ ವ್ಯತ್ಯಾಸ ಕಾಣಲಿಲ್ಲ. ಹಗಲಿನ ತೂಕಡಿಕೆ, ಮನಸ್ಸಿನ ಉಲ್ಲಾಸ ಮಾತ್ರ ಸುಧಾರಿಸಿತ್ತು. ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ: ಯಂತ್ರ ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ. ಇಂಥ ಮೂರು ಪ್ರಯೋಗಗಳ 4,186 ಜನರ ವಿವರವನ್ನು ಒಟ್ಟಿಗಿಟ್ಟು 2023ರಲ್ಲಿ ಮತ್ತೆ ನೋಡಿದಾಗ, ರಾತ್ರಿಗೆ ನಾಲ್ಕು ಗಂಟೆ ಮತ್ತು ಹೆಚ್ಚು ಹಾಕಿದವರಲ್ಲಿ ಅಪಾಯ ಕಡಿಮೆ ಇತ್ತು. ಶಿಸ್ತಿನಿಂದ ಮಾಸ್ಕ್ ಹಾಕುವವರು ಮಾತ್ರೆಯನ್ನೂ ಶಿಸ್ತಿನಿಂದ ನುಂಗುವವರೇ ಇರಬಹುದು, ಹಾಗಾಗಿ ಇದನ್ನು ಪೂರ್ಣ ಸಾಕ್ಷಿ ಎನ್ನಲಾಗದು. ನಮ್ಮ ಅಭಿಪ್ರಾಯ ಇಷ್ಟು: ಸಿಪ್ಯಾಪನ್ನು ಹೃದಯದ ವಿಮೆ ಎಂದು ಮಾರಬಾರದು, ಮೂರು ಗಂಟೆ ಹಾಕಿ ಫಲವಿಲ್ಲ ಎಂದು ಬಿಡಲೂಬಾರದು.

ಈ ಗಂಟೆಯ ಲೆಕ್ಕದಲ್ಲೇ ಹೆಚ್ಚಿನವರು ಮೋಸ ಹೋಗುವುದು. ‘ನಾಲ್ಕು ಗಂಟೆ ಹಾಕಿದರೆ ಸಾಕು’ ಎಂಬ ಮಾತು ಅಮೆರಿಕದ ಮೆಡಿಕೇರ್ ವಿಮೆಯ ನಿಯಮದಿಂದ ಹಬ್ಬಿದ್ದು. ಮೂವತ್ತು ದಿನಗಳಲ್ಲಿ ನೂರಕ್ಕೆ 70 ರಾತ್ರಿ, ರಾತ್ರಿಗೆ ನಾಲ್ಕು ಗಂಟೆ ಬಳಸಿದವರಿಗೆ ಹಣ ಕೊಡುತ್ತೇವೆ ಎಂಬ ಷರತ್ತು ಅದು. ಪಾಸ್ ಮಾರ್ಕು, ಅಷ್ಟೇ. 2007ರ ಅಧ್ಯಯನವೊಂದರಲ್ಲಿ ತೂಕಡಿಕೆಯ ಅಂಕ ಸರಿಹೋಗಲು ನಾಲ್ಕು ಗಂಟೆ ಸಾಕಾದರೂ, ಹಗಲು ಮಲಗಿದರೆ ಎಷ್ಟು ಬೇಗ ನಿದ್ದೆ ಹತ್ತುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ಅಳೆದಾಗ ಆರು ಗಂಟೆ, ದಿನನಿತ್ಯದ ಕೆಲಸ ಮೊದಲಿನಂತೆ ಆಗಲು ಏಳೂವರೆ ಗಂಟೆ ಬೇಕಾಯಿತು. ಇನ್ನೊಂದು ಸೂಕ್ಷ್ಮವಿದೆ. ಕನಸು ಬೀಳುವ ನಿದ್ದೆ ಹೆಚ್ಚಾಗಿ ಬರುವುದು ಬೆಳಗಿನ ಜಾವ. ಗಂಟಲಿನ ಸ್ನಾಯು ಅತಿ ಸಡಿಲವಾಗುವುದೂ, ಆಕ್ಸಿಜನ್ ಆಳಕ್ಕೆ ಇಳಿಯುವುದೂ ಆಗಲೇ. ಹನ್ನೊಂದಕ್ಕೆ ಮಾಸ್ಕ್ ಹಾಕಿ, ಮೂರಕ್ಕೆ ಬಾತ್‌ರೂಮಿಗೆ ಎದ್ದು, ಮತ್ತೆ ಹಾಕದೆ ಮಲಗುವವರು ಆ ಕೆಟ್ಟ ಹೊತ್ತನ್ನೇ ಬರಿಮೂಗಿನಲ್ಲಿ ಕಳೆಯುತ್ತಾರೆ. ಮಾಸ್ಕ್ ಬಿಚ್ಚದೆ ಪೈಪನ್ನಷ್ಟೇ ಕಳಚಿ ಹೋಗಿ ಬರುವ ಸೌಕರ್ಯ ಬಹುತೇಕ ಮಾಸ್ಕ್‌ಗಳಲ್ಲಿದೆ. ಕೊಳ್ಳುವ ದಿನವೇ ಅದನ್ನು ಕತ್ತಲಲ್ಲಿ ಮಾಡಿ ಕಲಿಯಬೇಕು.

ಬೆಳಿಗ್ಗೆ ಯಂತ್ರದ ಪರದೆಯಲ್ಲಿ ಮೂರು ಅಂಕಿ ಕಾಣುತ್ತವೆ: ಗಂಟೆ, ಎಎಚ್‌ಐ, ಲೀಕ್. ಎಎಚ್‌ಐ ಎಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಎಣಿಕೆ; ಹತ್ತು ಸೆಕೆಂಡಿಗಿಂತ ಕಡಿಮೆಯದ್ದು ಲೆಕ್ಕಕ್ಕಿಲ್ಲ. ಯಂತ್ರ ಹಾಕಿದ ಮೇಲೆ ಅದು 5ರ ಒಳಗಿರಬೇಕು. ಒಂದು ರಾತ್ರಿ 8 ಬಂದರೆ ಗಾಬರಿ ಬೇಡ. ಯಂತ್ರ ಗಾಳಿಯ ಹರಿವನ್ನಷ್ಟೇ ನೋಡುತ್ತದೆ, ಮಿದುಳಿನ ಅಲೆ ನೋಡುವುದಿಲ್ಲ. ಎಚ್ಚರವಾಗಿ ಹೊರಳಾಡುವಾಗಿನ ಏರುಪೇರನ್ನೂ ಎಣಿಸಿಬಿಡುತ್ತದೆ. ವಾರದ ಸರಾಸರಿ ಏರುತ್ತ ಹೋದರೆ ಮಾತ್ರ ಕಾರಣ ಹುಡುಕಬೇಕು. ಮೊದಲು ನೋಡುವುದು ಲೀಕ್, ಅಂದರೆ ಗಾಳಿಯ ಸೋರಿಕೆ. ಸಾಮಾನ್ಯವಾಗಿ ನಿಮಿಷಕ್ಕೆ 24 ಲೀಟರ್‌ಗಿಂತ ಹೆಚ್ಚು ಗಾಳಿ ಬೇಡದ ಕಡೆ ಸೋರಿದರೆ ಯಂತ್ರದ ಎಣಿಕೆಯೇ ನಂಬಿಕೆಗೆ ಅರ್ಹವಲ್ಲ, ಒತ್ತಡವೂ ಗಂಟಲಿಗೆ ಸರಿಯಾಗಿ ತಲುಪುವುದಿಲ್ಲ. ಆಮೇಲೆ ತೂಕ: ದೇಹದ ತೂಕ ನೂರಕ್ಕೆ 10 ಏರಿದರೆ ಎಎಚ್‌ಐ ನೂರಕ್ಕೆ 32ರಷ್ಟು ಏರುತ್ತದೆ, ಹತ್ತು ಇಳಿದರೆ 26ರಷ್ಟು ಇಳಿಯುತ್ತದೆ ಎಂದು ಅಮೆರಿಕದ ವಿಸ್ಕಾನ್ಸಿನ್‌ನ ಅಧ್ಯಯನ ಅಂದಾಜಿಸಿದೆ. ಹೊಸದಾಗಿ ಶುರುವಾದ ನಿದ್ದೆ ಮಾತ್ರೆ, ತೀವ್ರ ನೋವಿನ ಮಾತ್ರೆ, ಮದ್ಯ ಕೂಡ ಕಾರಣವಾಗಬಹುದು.

ಅಂಕಿ ಏರಲು ಇನ್ನೊಂದು ಕಾರಣವಿದೆ. ಕೆಲವರಲ್ಲಿ, ನೂರಕ್ಕೆ 5ರಿಂದ 15 ಜನರಲ್ಲಿ, ಗಂಟಲು ತೆರೆದುಕೊಂಡ ಮೇಲೆ ಮಿದುಳೇ ಉಸಿರಾಟದ ಆಜ್ಞೆ ಕೊಡಲು ಮರೆಯುತ್ತದೆ. ಪರದೆಯ ವರದಿಯಲ್ಲಿ ಇದು ‘ಸೆಂಟ್ರಲ್’ ಎಂದೋ, ‘ಕ್ಲಿಯರ್ ಏರ್‌ವೇ’ ಎಂದೋ ಬರುತ್ತದೆ. ಹೆಚ್ಚಿನವರಲ್ಲಿ ಕೆಲವು ವಾರ, ತಿಂಗಳುಗಳಲ್ಲಿ ತಾನೇ ಹೋಗುತ್ತದೆ. ಹೋಗದಿದ್ದರೆ ಒತ್ತಡ ಏರಿಸುತ್ತ ಕೂರುವುದು ತಪ್ಪು. ಏರಿಸಿದಷ್ಟೂ ಅದು ಹೆಚ್ಚಬಹುದು. ಇಂಥವರಿಗೆ ಎಎಸ್‌ವಿ ಎಂಬ, ಪ್ರತಿ ಉಸಿರಿಗೆ ತಕ್ಕಂತೆ ಒತ್ತಡ ಹೊಂದಿಸುವ ದುಬಾರಿ ಯಂತ್ರ ಮಾರುವುದುಂಟು. ಹೃದಯದ ಪಂಪ್ ಸಾಮರ್ಥ್ಯ ನೂರಕ್ಕೆ 45 ಅಥವಾ ಕಡಿಮೆ ಇದ್ದು, ಮುಖ್ಯವಾಗಿ ಸೆಂಟ್ರಲ್ ಅಪ್ನಿಯಾ ಇರುವವರಿಗೆ ಅದನ್ನು ಹಾಕಿದಾಗ ಹೃದಯದಿಂದಾದ ಸಾವು ಹೆಚ್ಚಿತು ಎಂದು 2015ರ ಸರ್ವ್-ಎಚ್‌ಎಫ್ ಪ್ರಯೋಗ ತೋರಿಸಿದೆ. ಎಕೋ (ಹೃದಯದ ಸ್ಕ್ಯಾನ್) ಮಾಡಿಸದೆ ಯಾರೂ ಆ ಯಂತ್ರಕ್ಕೆ ಕೈ ಹಾಕಬಾರದು.

ಒತ್ತಡವನ್ನು ತಾವೇ ಏರಿಳಿಸುವ ಆಟೊ ಯಂತ್ರಗಳದ್ದು ಬೇರೆಯೇ ತೊಂದರೆ. ಕಾರ್ಖಾನೆಯಿಂದ ಬಂದ 4–20ರ ವ್ಯಾಪ್ತಿಯನ್ನು ಮುಟ್ಟದೆ ಹಾಗೇ ಕೊಟ್ಟು ಕಳಿಸುತ್ತಾರೆ. ‘ಅದೇ ಸರಿಮಾಡ್ಕೊಳ್ಳುತ್ತೆ ಸಾರ್’ ಎನ್ನುತ್ತಾರೆ. ನಾಲ್ಕರಲ್ಲಿ ಶುರುವಾದಾಗ ದೊಡ್ಡ ಮೈಕಟ್ಟಿನವರಿಗೆ ಗಾಳಿ ಸಾಲದೆ ಉಸಿರು ಕಟ್ಟಿದಂತಾಗುತ್ತದೆ. ಅವರು ಒತ್ತಡ ಜಾಸ್ತಿಯಾಯಿತೆಂದು ದೂರುತ್ತಾರೆ, ವಾಸ್ತವದಲ್ಲಿ ಕಡಿಮೆಯಾಗಿರುತ್ತದೆ. ಆರಕ್ಕೆ ಏರಿಸಿದರೆ ಅಂದೇ ರಾತ್ರಿ ನಿದ್ದೆ ಬರುತ್ತದೆ. ಒಂದೆರಡು ವಾರದ ದಾಖಲೆಯಲ್ಲಿ ರಾತ್ರಿಯ ನೂರಕ್ಕೆ 95 ಪಾಲು ಹೊತ್ತು ಒತ್ತಡ 11ರ ಒಳಗಿತ್ತು ಎಂದಾದರೆ, ಕೆಳಮಿತಿಯನ್ನು ನಾಲ್ಕರಲ್ಲಿ ಬಿಡುವ ಬದಲು ಎಂಟು–ಒಂಬತ್ತಕ್ಕೆ ತರುವುದು ವಾಡಿಕೆ. ಇದನ್ನು ವೈದ್ಯರ ಮೂಲಕವೇ ಮಾಡಿಸಿ.

ಈಗ ತೊಂದರೆಗಳು. ವರ್ಷಗಟ್ಟಲೆ ಬಳಸುವವರನ್ನು ಕಾಡುವುದು ಶ್ವಾಸಕೋಶವಲ್ಲ. ಮೂಗು, ಚರ್ಮ, ಕಣ್ಣು, ಹೊಟ್ಟೆ, ಹಲ್ಲು. ಮೂಗು ಒಣಗಿ ಕಟ್ಟಿಕೊಂಡರೆ ಗಾಳಿಗೆ ತೇವ ಕೊಡುವ ಬಿಸಿ ಹ್ಯುಮಿಡಿಫೈಯರ್ ಒಂದು ಹಂತ ಏರಿಸಿ, ಮಲಗುವ ಮುನ್ನ ಉಪ್ಪುನೀರಿನ ಸ್ಪ್ರೇ ಹಾಕಿ. ಮೂಗು ಬಿಚ್ಚಿಸುವ ಡ್ರಾಪ್ಸನ್ನು ಐದು ದಿನಕ್ಕಿಂತ ಹೆಚ್ಚು ಹಾಕಿದರೆ ಅದೇ ಮೂಗನ್ನು ಮತ್ತಷ್ಟು ಕಟ್ಟಿಸುತ್ತದೆ. ಮೂಗಿನ ಮಾಸ್ಕ್ ಹಾಕಿಕೊಂಡು ಬಾಯಿ ತೆರೆದು ಮಲಗುವವರಿಗೆ ಬೆಳಿಗ್ಗೆ ನಾಲಿಗೆ ಅಂಗುಳಕ್ಕೆ ಅಂಟಿರುತ್ತದೆ. ಬಾಯಿ ಹೀಗೆ ವರ್ಷಗಟ್ಟಲೆ ಒಣಗಿದರೆ ಹಲ್ಲು ಹುಳುಕಾಗುವುದು ಹೆಚ್ಚು. ಗಲ್ಲದ ಪಟ್ಟಿ ಅಥವಾ ಬಾಯಿ-ಮೂಗು ಎರಡನ್ನೂ ಮುಚ್ಚುವ ಮಾಸ್ಕ್ ಬೇಕು. ಹೊಟ್ಟೆಯುಬ್ಬರ, ತೇಗು ಬಂದರೆ ಗಾಳಿ ನುಂಗುತ್ತಿದ್ದೀರಿ ಎಂದರ್ಥ. ತಲೆಯ ಕಡೆ ಮಂಚ ಎತ್ತರಿಸುವುದು, ಮಗ್ಗುಲಾಗಿ ಮಲಗುವುದು, ಉಸಿರು ಬಿಡುವಾಗ ಒತ್ತಡ ತಗ್ಗಿಸುವ ಸೆಟ್ಟಿಂಗ್ ಹಾಕಿಸುವುದು ಪರಿಹಾರ. ಮೂಗಿನ ಸೇತುವೆಯ ಪಕ್ಕದಿಂದ ಸೋರುವ ಗಾಳಿ ಕಣ್ಣನ್ನು ಒಣಗಿಸಿ ಕೆಂಪಾಗಿಸುತ್ತದೆ. ಗ್ಲಾಕೋಮಾ ಇರುವವರು ಯಂತ್ರ ಬಳಸುವುದನ್ನು ಕಣ್ಣಿನ ವೈದ್ಯರಿಗೆ ಹೇಳಬೇಕು. ರಾತ್ರಿ ಕಣ್ಣೊಳಗಿನ ಒತ್ತಡ ತುಸು ಏರಿದ್ದನ್ನು ಅಳೆದ ಅಧ್ಯಯನವಿದೆ. ತಲೆಗೆ ಪೆಟ್ಟಾಗಿಯೋ ಶಸ್ತ್ರಚಿಕಿತ್ಸೆಯ ನಂತರವೋ ಮೂಗಿನಿಂದ ತಿಳಿನೀರು ತೊಟ್ಟಿಕ್ಕುತ್ತಿದ್ದರೆ ಯಂತ್ರ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಹಲ್ಲು, ದವಡೆಯ ವಿಚಾರವನ್ನು ಯಾರೂ ಹೇಳುವುದಿಲ್ಲ. ಕನಿಷ್ಠ ಎರಡು ವರ್ಷ ಮೂಗಿನ ಮಾಸ್ಕ್ ಬಳಸಿದ ಜಪಾನಿನ 46 ರೋಗಿಗಳ ಎಕ್ಸ್‌ರೇಗಳನ್ನು ಹೋಲಿಸಿ 2010ರಲ್ಲಿ ಪ್ರಕಟಿಸಿದರು. ಮೇಲ್ದವಡೆಯ ಮುಂಭಾಗ, ಗಲ್ಲ ಸ್ವಲ್ಪ ಹಿಂದೆ ಸರಿದಿದ್ದವು, ಮೇಲಿನ ಮುಂದಿನ ಹಲ್ಲುಗಳು ಒಳಬಾಗಿದ್ದವು. ರೋಗಿಗಳಿಗೆ ಮಾತ್ರ ಅದು ಗೊತ್ತೇ ಆಗಿರಲಿಲ್ಲ. ವಯಸ್ಕರು ಇದಕ್ಕೆ ಹೆದರಿ ಯಂತ್ರ ಬಿಡಬೇಕಿಲ್ಲ. ಪಟ್ಟಿಯನ್ನು ಬಿಗಿದು ಕಟ್ಟುವ ಚಟ ಬಿಟ್ಟರೆ ಸಾಕು. ಮಕ್ಕಳ ಮಾತು ಬೇರೆ. ಮುಖದ ಮೂಳೆ ಬೆಳೆಯುವ ವಯಸ್ಸಿನಲ್ಲಿ ಮಾಸ್ಕ್ ಸದಾ ಒತ್ತುತ್ತಿದ್ದರೆ ಮುಖದ ನಡುಭಾಗದ ಬೆಳವಣಿಗೆ ಹಿಂದುಳಿಯಬಹುದು. ಅಂಥ ಮಕ್ಕಳನ್ನು ದಂತವೈದ್ಯರಿಗೆ ನಿಯಮಿತವಾಗಿ ತೋರಿಸಬೇಕು, ಮಾಸ್ಕಿನ ಬಗೆಯನ್ನು ಆಗಾಗ ಬದಲಾಯಿಸಬೇಕು.

ಬಿಗಿಯುವ ಚಟಕ್ಕೆ ಕಾರಣ ಮಾಸ್ಕ್ ಹಾಕುವ ಕ್ರಮ ಗೊತ್ತಿಲ್ಲದಿರುವುದು. ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂರಿಸಿ ಅಳತೆ ಹಾಕುತ್ತಾರೆ. ಮಲಗಿದಾಗ ಕೆನ್ನೆಯ ಮಾಂಸ ಪಕ್ಕಕ್ಕೆ ಸರಿದು ಅದೇ ಮಾಸ್ಕ್ ಸೋರುತ್ತದೆ. ಸರಿಯಾದ ಕ್ರಮ ಹೀಗೆ: ಮುಖ ಸೋಪಿನಿಂದ ತೊಳೆದು ಒರೆಸಿ. ಪಟ್ಟಿಗಳನ್ನು ಸಡಿಲವಾಗಿಟ್ಟು ಮಾಸ್ಕ್ ಹಾಕಿ, ದಿನಾ ಮಲಗುವ ಮಗ್ಗುಲಲ್ಲೇ ಮಲಗಿ. ಯಂತ್ರ ಚಾಲು ಮಾಡಿ, ಪೂರ್ತಿ ಒತ್ತಡ ಬಂದ ಮೇಲೆ ಮಾಸ್ಕನ್ನು ಮುಖದಿಂದ ಒಂದು ಬೆರಳಿನಷ್ಟು ಮುಂದಕ್ಕೆ ಎಳೆದು ಮೆಲ್ಲಗೆ ಬಿಡಿ. ಸಿಲಿಕೋನಿನ ತೆಳು ಅಂಚು ಗಾಳಿ ತುಂಬಿ ಉಬ್ಬಿ ಚರ್ಮಕ್ಕೆ ತಾನೇ ಕೂರುತ್ತದೆ. ಸೋರಿಕೆ ತಡೆಯುವುದು ಆ ಉಬ್ಬು. ಪಟ್ಟಿ ಬಿಗಿದರೆ ಅಂಚು ಮಡಚಿಕೊಂಡು ಮತ್ತಷ್ಟು ಸೋರುತ್ತದೆ. ಆಮೇಲೆ ಮೇಲಿನ, ಕೆಳಗಿನ ಪಟ್ಟಿಗಳನ್ನು ಎಡಬಲ ಸಮನಾಗಿ ಹೊಂದಿಸಿ. ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ ತೂರಬೇಕು. ಬೆಳಿಗ್ಗೆ ಮೂಗಿನ ಮೇಲೆ ಕೆಂಪು ಗುರುತು ಅರ್ಧ ಗಂಟೆಯಲ್ಲಿ ಮಾಯವಾಗದಿದ್ದರೆ ಬಿಗಿಯಾಗಿದೆ ಎಂದೇ ಲೆಕ್ಕ. ರಾತ್ರಿ ಮುಖಕ್ಕೆ ಕೊಬ್ಬರಿ ಎಣ್ಣೆ, ಕ್ರೀಮ್ ಹಚ್ಚುವವರ ಸಿಲಿಕೋನ್ ಬಲುಬೇಗ ಜಾರಿ, ಹಳದಿಯಾಗಿ, ಮೆತ್ತಗಾಗಿಬಿಡುತ್ತದೆ. ಈ ಸಿಲಿಕೋನ್ ಕುಶನ್ನನ್ನು ದಿನಾ ಬೆಚ್ಚಗಿನ ನೀರು, ಮೃದು ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಬಿಸಿಲು ಬೇಡ. ಚೆನ್ನಾಗಿ ನೋಡಿಕೊಂಡರೂ ಆರು ತಿಂಗಳಿಗೆ ಬದಲಿಸಬೇಕಾದ ವಸ್ತು ಅದು. ಮಾಸ್ಕಿನ ಮುಂದಿರುವ ಸಣ್ಣ ರಂಧ್ರಗಳಿಂದ ‘ಪಕ್ಕದವರಿಗೆ ತಣ್ಣನೆ ಗಾಳಿ ಬಡಿಯುತ್ತೆ’ ಎಂದು ಟೇಪು ಅಂಟಿಸಿದವರುಂಟು. ಬಿಟ್ಟ ಉಸಿರು ಹೊರಹೋಗುವ ದಾರಿಯೇ ಅದು. ಮುಚ್ಚಿದರೆ ಇಂಗಾಲದ ಡೈಆಕ್ಸೈಡನ್ನೇ ಮತ್ತೆ ಎಳೆದುಕೊಳ್ಳುತ್ತೀರಿ.

ನಮ್ಮ ಕಡೆ ಯಂತ್ರವನ್ನು ಹಾಳುಮಾಡುವುದು ನೀರು ಮತ್ತು ಧೂಳು. ಹ್ಯುಮಿಡಿಫೈಯರ್ ತೊಟ್ಟಿಗೆ ಬೋರ್‌ವೆಲ್ ನೀರು ಹಾಕಿದರೆ ಕೆಲವೇ ದಿನದಲ್ಲಿ ತಳದ ಲೋಹದ ತಟ್ಟೆಯ ಮೇಲೆ ಸುಣ್ಣದಂತೆ ಬಿಳಿ ಪದರ ಕಟ್ಟುತ್ತದೆ. ಶಾಖ ನೀರಿಗೆ ಸರಿಯಾಗಿ ತಾಗುವುದಿಲ್ಲ. ಕುದಿಸಿ ಆರಿಸಿದರೆ ಕ್ರಿಮಿ ಸಾಯುತ್ತದೆ, ಲವಣ ಹೋಗುವುದಿಲ್ಲ. ಆರ್‌ಒ ನೀರು ಎಷ್ಟೋ ವಾಸಿ, ಆದರೂ ಡಿಸ್ಟಿಲ್ಡ್ ನೀರೇ ಸರಿ, ಅದೂ ಮೆಡಿಕಲ್ ಶಾಪಿನದ್ದು. ಬ್ಯಾಟರಿಗೆ ಹಾಕಲು ಮಾರುವ ಕ್ಯಾನಿನ ನೀರು ಉಸಿರಾಟಕ್ಕೆಂದು ತಯಾರಾದದ್ದಲ್ಲ. ಪ್ರತಿದಿನ ಬೆಳಿಗ್ಗೆ ಉಳಿದ ನೀರು ಚೆಲ್ಲಿ ತೊಟ್ಟಿ ಒಣಗಲು ಬಿಡಿ. ಹಳೇ ನೀರಿನ ಮೇಲೆ ಹೊಸದನ್ನು ಸುರಿಯಬೇಡಿ. ಬಿಳಿ ಪದರ ಬಂದರೆ ಒಂದು ಪಾಲು ವಿನೆಗರ್‌ಗೆ ಹತ್ತು ಪಾಲು ನೀರು ಬೆರೆಸಿ ನೆನೆಸಿ, ಚೆನ್ನಾಗಿ ತೊಳೆಯಿರಿ. ಫಿಲ್ಟರನ್ನು ಆರು ತಿಂಗಳಿಗೊಮ್ಮೆ ಬದಲಿಸಿ ಎಂದು ಕೈಪಿಡಿ ಹೇಳಿದರೂ ಮುಖ್ಯರಸ್ತೆಯ ಪಕ್ಕದ ಮನೆಯಲ್ಲಿ ಅದು ಎರಡು ತಿಂಗಳಲ್ಲಿ ಬೂದುಬಣ್ಣಕ್ಕೆ ತಿರುಗಿರುತ್ತದೆ. ಬಿಳಿ ಕಾಗದದಂಥ ಫಿಲ್ಟರನ್ನು ತೊಳೆದು ಮತ್ತೆ ಹಾಕುವಂತಿಲ್ಲ. ಮಲಗುವ ಕೋಣೆಯಲ್ಲಿ ಸೊಳ್ಳೆ ಬತ್ತಿ, ಅಗರಬತ್ತಿ ಹಚ್ಚಿದರೆ ಆ ಹೊಗೆಯನ್ನೂ ಯಂತ್ರ ಎಳೆದು ನೇರವಾಗಿ ಮೂಗಿಗೇ ಕೊಡುತ್ತದೆ. ಸೊಳ್ಳೆಗೆ ಪರದೆಯೇ ಮೇಲು.

ಚಳಿಗಾಲದಲ್ಲಿ ಮಡಿಕೇರಿ, ಚಿಕ್ಕಮಗಳೂರು ಕಡೆಯವರಿಗೆ, ಎಸಿ ಹಾಕುವವರಿಗೂ, ಪೈಪಿನಲ್ಲಿ ಹಬೆ ತಣಿದು ನೀರಾಗಿ ಮುಖಕ್ಕೆ ಸಿಡಿಯುತ್ತದೆ. ಯಂತ್ರವನ್ನು ಹಾಸಿಗೆಗಿಂತ ಕೆಳಗಿಡಿ, ಪೈಪಿಗೆ ಬಟ್ಟೆಯ ಕವಚ ಹಾಕಿ ಅಥವಾ ಹೊದಿಕೆಯ ಒಳಗಿಂದ ತನ್ನಿ. ಕರಾವಳಿಯ ಮಳೆಗಾಲದಲ್ಲಿ ಬಿಸಿ ಪೂರ್ತಿ ಆರಿಸಿದರೂ ನಡೆದೀತು. ವಿದ್ಯುತ್ತಿನ ವಿಷಯ: ಬಿಸಿ ಆರಿಸಿದ ಯಂತ್ರಕ್ಕೆ ಬೇಕಾಗುವ ಕರೆಂಟು ಬಲು ಕಡಿಮೆ, ಬಿಸಿ ಹಾಕಿದರೆ ಹಲವು ಪಟ್ಟು. ಇನ್ವರ್ಟರ್ ಮೇಲೆ ಓಡಿಸುವ ರಾತ್ರಿ ಬಿಸಿ ಆರಿಸಿ. ಇನ್ವರ್ಟರ್ ಪ್ಯೂರ್ ಸೈನ್ ವೇವ್ ಇರಲಿ. ಸ್ಕ್ವೇರ್ ವೇವ್‌ನಲ್ಲಿ ಅಡಾಪ್ಟರ್ ಗುಂಯ್‌ಗುಟ್ಟಿ, ಬಿಸಿಯೇರಿ, ಸುಟ್ಟುಹೋಗಬಹುದು. ಬ್ಯಾಕಪ್ ಇಲ್ಲದೆ ಕರೆಂಟು ಹೋದರೆ ಮಾಸ್ಕ್ ತೆಗೆದಿಡಿ. ರೈಲಿನಲ್ಲಿ ರಾತ್ರಿ ಹೊತ್ತು ಚಾರ್ಜಿಂಗ್ ಸಾಕೆಟ್‌ಗಳನ್ನು ಆರಿಸಿಬಿಡುವುದುಂಟು, ಅದನ್ನು ನೆಚ್ಚಬೇಡಿ.

ಹಳೆಯ ಯಂತ್ರ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಸದ್ದು ತಗ್ಗಿಸಲು ಯಂತ್ರದೊಳಗೆ ಹಾಕಿದ್ದ ಪಾಲಿಯೆಸ್ಟರ್ ಆಧಾರಿತ ಪಾಲಿಯುರೆಥೇನ್ ಫೋಮ್ ಪುಡಿಯಾಗಿ ಗಾಳಿದಾರಿಗೆ ಬರಬಹುದೆಂದು ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ಮೊದಲ ತಲೆಮಾರಿನ ಡ್ರೀಮ್‌ಸ್ಟೇಷನ್ ಸೇರಿ ಲಕ್ಷಗಟ್ಟಲೆ ಯಂತ್ರಗಳನ್ನು ಜಗತ್ತಿನಾದ್ಯಂತ ಹಿಂಪಡೆಯಿತು. ಶಾಖ, ತೇವ ಹೆಚ್ಚಿದ್ದಲ್ಲಿ, ಓಝೋನ್ ಪೆಟ್ಟಿಗೆಯಲ್ಲಿಟ್ಟು ಶುಚಿ ಮಾಡಿದಲ್ಲಿ ಫೋಮ್ ಬೇಗ ಕೆಟ್ಟಿತ್ತು. ಅದರಿಂದ ಕ್ಯಾನ್ಸರ್ ಬರಬಹುದೆಂಬ ಭಯವಿತ್ತು; ಕೆನಡಾದ ಆಂಟಾರಿಯೊ ಮತ್ತು ಫ್ರಾನ್ಸಿನ ರೋಗಿಗಳ ದಾಖಲೆಗಳಲ್ಲಿ ಕ್ಯಾನ್ಸರ್ ಹೆಚ್ಚಿದ್ದು ಕಂಡಿಲ್ಲ ಎಂಬುದು ಸಮಾಧಾನ. ಕೋವಿಡ್ ನಂತರ ಆನ್‌ಲೈನಿನಲ್ಲಿ ಅಗ್ಗಕ್ಕೆ ಬರುವ ಹಳೆಯ ಯಂತ್ರಗಳಲ್ಲಿ ಇಂಥವೂ ಇರಬಹುದು. ಸೀರಿಯಲ್ ನಂಬರ್ ನೋಡದೆ ಕೊಳ್ಳಬೇಡಿ. ಮೋಟಾರು ಒಟ್ಟು ಎಷ್ಟು ಗಂಟೆ ಓಡಿದೆ ಎಂಬುದು ಮೆನುವಿನಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಇವುಗಳ ಆಯುಷ್ಯ ಐದು ವರ್ಷವೆಂದು ಲೆಕ್ಕ. ಹಾಗೆಯೇ ಮಾಸ್ಕಿನ ಕೊಂಡಿಗಳಲ್ಲಿ ಅಯಸ್ಕಾಂತವಿದ್ದರೆ ಪೇಸ್‌ಮೇಕರ್, ಮಿದುಳಿನ ನೀರು ಹರಿಸುವ ಷಂಟ್ ನಳಿಕೆ ಮೊದಲಾದವು ದೇಹದಲ್ಲಿರುವವರು ಅಂಥ ಮಾಸ್ಕ್ ಬಳಸುವಂತಿಲ್ಲ; ಪಕ್ಕದಲ್ಲಿ ಮಲಗುವವರಿಗೆ ಪೇಸ್‌ಮೇಕರ್ ಇದ್ದರೂ ಅಷ್ಟೇ. ಕನಿಷ್ಠ 15 ಸೆಂಟಿಮೀಟರ್ ಅಂತರ ಬೇಕು ಎಂದು ತಯಾರಕರೇ ಎಚ್ಚರಿಸಿದ್ದಾರೆ.

ಜೀವನಪೂರ್ತಿ ಹಾಕಬೇಕೇ ಎಂಬುದಕ್ಕೆ ಬಹುತೇಕರಿಗೆ ಉತ್ತರ ಹೌದು. ತೂಕ ಗಣನೀಯವಾಗಿ ಇಳಿಸಿದ ಕೆಲವರಿಗೆ ಬೇಡವಾಗಬಹುದು. ಬೊಜ್ಜಿರುವ ಅಪ್ನಿಯಾ ರೋಗಿಗಳಿಗೆ ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದನ್ನು ಅಮೆರಿಕ 2024ರ ಡಿಸೆಂಬರ್‌ನಲ್ಲಿ ಒಪ್ಪಿದೆ. ಭಾರತದಲ್ಲಿ ಅದು 2025ರಲ್ಲಿ ಸಕ್ಕರೆ ಕಾಯಿಲೆ ಮತ್ತು ತೂಕಕ್ಕಾಗಿ ಬಂದಿದೆ. ತೂಕ ಇಳಿಯಿತೆಂದು ಯಂತ್ರವನ್ನು ತಾವೇ ಬಿಡುವ ಬದಲು, ಮಾಸ್ಕ್ ಇಲ್ಲದೆ ಇನ್ನೊಮ್ಮೆ ನಿದ್ರಾ ಪರೀಕ್ಷೆ ಮಾಡಿಸಿ ನಿರ್ಧರಿಸಿ. ಯಾವುದೇ ಶಸ್ತ್ರಚಿಕಿತ್ಸೆಗೆ ಸೇರುವಾಗ ಅರಿವಳಿಕೆ ವೈದ್ಯರಿಗೆ ತಿಳಿಸಿ, ಯಂತ್ರವನ್ನು ಜೊತೆಗೊಯ್ಯಿರಿ. ಆಪರೇಷನ್ ಮುಗಿದ ಮೊದಲ ರಾತ್ರಿಗಳಲ್ಲೇ ಅದರ ಅಗತ್ಯ ಅತಿ ಹೆಚ್ಚು.

ಯಂತ್ರ ಕೊಟ್ಟವರು ಒಂದು ವಾರಕ್ಕೆ, ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಅದರೊಳಗಿನ ದಾಖಲೆ ತೆಗೆದು ನೋಡಬೇಕು. ಮೊದಲ ವಾರದಲ್ಲಿ ಯಾರಾದರೂ ಲೀಕ್ ಸರಿಪಡಿಸಿದ್ದರೆ ಬೀರುವಿನ ಮೇಲೆ ಸೇರದೆ ಉಳಿಯುವ ಯಂತ್ರಗಳು ಬಹಳ. ಈಗ ಆಸ್ಪತ್ರೆ ಪರೀಕ್ಷೆ ಮಾಡಿ ಕೈತೊಳೆದುಕೊಳ್ಳುತ್ತದೆ, ಅಂಗಡಿ ಬಿಲ್ಲು ಕೊಟ್ಟು ಕೈತೊಳೆದುಕೊಳ್ಳುತ್ತದೆ. ನಡುವೆ ಒಳಗಿನ ಮೆಮರಿ ಕಾರ್ಡನ್ನು ತೆರೆದು ನೋಡುವವರಿಲ್ಲ. ಕೊಳ್ಳುವ ಮೊದಲೇ ಈ ನಾಲ್ಕು ಭೇಟಿಗಳನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಭೇಟಿಗೆ ಹೋಗುವಾಗ ಕಾರ್ಡ್ ಮಾತ್ರ ಒಯ್ಯದೆ ಯಂತ್ರ, ಮಾಸ್ಕ್, ಪೈಪು ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಹೊರಡುವ ಮುನ್ನ ತೊಟ್ಟಿಯ ನೀರು ಚೆಲ್ಲಿ. ಬಸ್ಸಿನ ಕುಲುಕಾಟಕ್ಕೆ ಅದು ಮೋಟಾರಿನೊಳಕ್ಕೆ ಇಳಿದರೆ ರಿಪೇರಿ ಖರ್ಚು ನಿಮ್ಮದೇ.

ಇತಿ,
ನಿದ್ರಾ ಪ್ರಯೋಗಾಲಯದ ಇಬ್ಬರು ತಂತ್ರಜ್ಞರು
ಬೆಂಗಳೂರು